ಹುಣಸೇಮಡುವಿನ ಅರ್ಜಿ

ಸುಗ್ರಾಬಿಯ ಕೈ ಬಾಯಿಗಿಂತ ಮುಂದೆ ಓಡುತ್ತದೆ ಎಂದು ಹರಿಹರದ ಹೊಳೆದಂಡೆಯ ಜನ ಹೇಳುತ್ತಿದ್ದರು. ಅದು ಸುಳ್ಳಾಗಿರಲಿಲ್ಲ. ದಾವಣಗೆರೆಯ ಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿದು ಜಗ್ಗಿದ ಗಿರಾಕಿಯ ಕೆನ್ನೆಗೆ ಅವಳು ಬಾರಿಸಿದ್ದಳು. ಮೀನಿನ ಬುಟ್ಟಿಯನ್ನು ಕಾಲಲ್ಲಿ ನೂಕಿದ ಕಂಡಕ್ಟರನ ಮೂಗಿನಿಂದ ರಕ್ತ ಇಳಿಸಿದ್ದಳು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳು ಕೈ ಎತ್ತದೆ ಉಳಿದದ್ದು ಗಂಡ ಮಕ್ತುಮ್ ಸಾಬನ ಮೇಲೆ ಮಾತ್ರ. ಅವನು ಬಲೆ ನೇಯುವ, ಹರಿದ ಬಲೆ ಕಟ್ಟಿಕೊಡುವ ಮೆತ್ತನೆಯ ಮನುಷ್ಯ. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಯಾರಾದರೂ ಮಾತೆತ್ತಿದರೆ ಅಂಥವರೂ ಏಟು ತಿನ್ನುತ್ತಿದ್ದರು.

ಹರಿಹರದಿಂದ ಉಕ್ಕಡಗಾತ್ರಿಯ ಕಡೆ ಹೊಳೆ ಒಂದು ಕಡೆ ಡೊಂಕಾಗಿ ತಿರುಗುತ್ತದೆ. ಆ ತಿರುವಿನಲ್ಲಿ ಹುಣಸೇಮಡು. ಬೇಸಿಗೆಯಲ್ಲಿ ಹೊಳೆಯೆಲ್ಲ ಬಂಡೆ ಬಿಟ್ಟುಕೊಂಡು ಮಲಗಿದರೂ ಮಡುವಿನಲ್ಲಿ ನಾಲ್ಕಾಳು ನೀರು ನಿಲ್ಲುತ್ತಿತ್ತು. ಸುತ್ತಲಿನ ಮೀನೆಲ್ಲ ಆಗ ಅಲ್ಲಿ ಬಂದು ಸೇರಿಕೊಳ್ಳುತ್ತಿತ್ತು. ಮಳೆ ಬಿದ್ದ ಮೇಲೆ ಅಲ್ಲಿಂದಲೇ ಹೊಳೆಯುದ್ದಕ್ಕೂ ಹರಡುತ್ತಿತ್ತು. ಅದು ಗೊತ್ತಿದ್ದವರಿಗೆ ಬಲೆ ಬೀಸುವ ತಾಳ್ಮೆ ಉಳಿಯಲಿಲ್ಲ. ಕಲ್ಲುಗಣಿಯಿಂದ ಸಿಡಿಮದ್ದು ತಂದು, ಬತ್ತಿ ಹಚ್ಚಿ ಮಡುವಿಗೆ ಎಸೆಯುವುದು ಶುರುವಾಯಿತು. ಒಂದು ಏಟಿಗೆ ನಾಲ್ಕು ಬುಟ್ಟಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದರ ಜೊತೆ ಬೆರಳುದ್ದದ ಮರಿಗಳೂ ಸಾವಿರಗಟ್ಟಲೆ ಸಾಯುತ್ತಿದ್ದವು. ಅವನ್ನು ಯಾರೂ ಎತ್ತುತ್ತಿರಲಿಲ್ಲ, ಕಾಗೆ ತಿನ್ನುತ್ತಿದ್ದವು.

ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದವನು ಗಂಗಾಮತದವರ ಕೇರಿಯ ಉಚ್ಚೆಂಗಪ್ಪ. ಎತ್ತರದ ಆಳು. ಕೈಬಿಚ್ಚಿ ಖರ್ಚು ಮಾಡುವವನು, ಆದ್ದರಿಂದ ಹಿಂದೆ ಐದಾರು ಗಂಡಸರು ಯಾವಾಗಲೂ ಇರುತ್ತಿದ್ದರು. ಎಂಬತ್ತೊಂದರ ಬೇಸಿಗೆಯ ಒಂದು ಬೆಳಿಗ್ಗೆ ಮಕ್ತುಮ್ ಸಾಬ್ ಬೇರಿಗೆ ಸಿಕ್ಕಿಕೊಂಡ ಬಲೆ ಬಿಡಿಸಲು ಮಡುವಿನಲ್ಲಿ ಮುಳುಗಿದ್ದ. ಮೇಲುಗಡೆಯ ಬಂಡೆಯ ಮೇಲಿಂದ ಉಚ್ಚೆಂಗಪ್ಪ ಮದ್ದು ಎಸೆದ. ನೀರಿನಲ್ಲಿ ಮನುಷ್ಯನಿದ್ದಾನೆ ಎಂದು ತನಗೆ ತಿಳಿದಿರಲಿಲ್ಲ ಎಂದು ಆಮೇಲೆ ಅವನು ಹೇಳಿದ. ತಿಳಿಯಲು ನೋಡಿರಲೂ ಇಲ್ಲ. ಸತ್ತ ಮೀನುಗಳ ನಡುವೆ ಮಕ್ತುಮ್ ಸಾಬನೂ ತೇಲಿಬಂದ. ಎರಡು ಕಿವಿಯಿಂದಲೂ ರಕ್ತ ಹರಿಯುತ್ತಿತ್ತು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ.

ಗಂಡನನ್ನು ಮನೆಯಲ್ಲಿ ಮಲಗಿಸಿ, ಅವತ್ತು ಮಧ್ಯಾಹ್ನವೇ ಸುಗ್ರಾಬಿ ಮೀನು ಕೊಯ್ಯುವ ಕತ್ತಿ ಹಿಡಿದು ಉಚ್ಚೆಂಗಪ್ಪನ ಮನೆಗೆ ನಡೆದಳು. ಅವನು ಊಟಕ್ಕೆ ಕೂತಿದ್ದ. ಅವಳು ಕತ್ತಿಯನ್ನು ಅವನ ಬಲಗಿವಿಯ ಬುಡದಿಂದ ಗದ್ದದ ತನಕ ಒಂದೇ ಸಲ ಎಳೆದಳು. ತಟ್ಟೆಯಲ್ಲಿದ್ದ ಮುದ್ದೆಯ ಮೇಲೆ ರಕ್ತ ಸುರಿಯಿತು. ಸೌಟು ಹಿಡಿದು ನಿಂತಿದ್ದ ಅವನ ಹೆಂಡತಿ ತಿಮ್ಮವ್ವ ಕೂಗಿಕೊಳ್ಳಲೂ ಮರೆತು ನೋಡಿದಳು.

ಸಾಬರ ಕೇರಿ, ಗಂಗಾಮತದವರ ಕೇರಿ ಎರಡರ ಹಿರಿಯರೂ ಸೇರಿ ರಾಜಿ ಮಾಡಿಸಿದರು. ಕಿವಿಗೆ ಕೆನ್ನೆ ಸರಿಹೋಯಿತು ಎಂದು ಹೇಳಿ, ಠಾಣೆಯಲ್ಲಿ ಕೊಟ್ಟಿದ್ದ ದೂರುಗಳನ್ನು ಎರಡೂ ಕಡೆಯವರಿಂದ ವಾಪಸು ತೆಗೆಸಿದರು. ಉಚ್ಚೆಂಗಪ್ಪನ ಕೆನ್ನೆ ಹೊಲಿಗೆ ಬಿದ್ದು ಮೇಲಕ್ಕೆ ಎಳೆದುಕೊಂಡಿತು. ಅವನು ನಗದಿದ್ದಾಗಲೂ ನಗುವಂತೆ ಕಾಣುತ್ತಿದ್ದ.

ಮದ್ದು ಮಾತ್ರ ನಿಲ್ಲಲಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ವಾಮದೇವಪ್ಪ ಎಂಬ ನಿವೃತ್ತ ಗುಮಾಸ್ತರಿದ್ದರು. ಮನೆಯ ಜಗಲಿಯಲ್ಲಿ ಕೂತು, ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಮೀನು ಮಾರಿ ಬರುವ ಸುಗ್ರಾಬಿಗೆ ಖಾಲಿ ಬುಟ್ಟಿಯನ್ನು ರಸ್ತೆಯ ಆಚೆ ಬದಿಗಿಟ್ಟು ಬಾ ಎನ್ನುತ್ತಿದ್ದರು. ಅವಳು ಹಾಗೇ ಮಾಡಿ, ಜಗಲಿಯ ಅಂಚಿನಲ್ಲಿ ಕೂತು ಹೇಳುತ್ತಿದ್ದಳು. ಮದ್ದಿನ ವಿರುದ್ಧ ಅವರು ಎರಡು ವರ್ಷದಲ್ಲಿ ಅವಳಿಗಾಗಿ ಒಂಬತ್ತು ಅರ್ಜಿ ಬರೆದರು. ಒಂದಕ್ಕೂ ಫಲ ಸಿಗಲಿಲ್ಲ. ಹೊಳೆಯಲ್ಲಿ ಎಂದೂ ಕಾಲಿಡದ ಅವರಿಗೆ ಮಡುವಿನ ಆಳ, ತಿರುವು, ಮೊಟ್ಟೆಯಿಡುವ ಕಾಲ ಎಲ್ಲ ಬಾಯಿಪಾಠವಾಗಿತ್ತು.

ಎಂಬತ್ತಮೂರರ ಕೊನೆಗೆ ಮಂಡಿಪೇಟೆಯ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪೇಪರಿನಲ್ಲಿ ಅವರಿಗೊಂದು ಪ್ರಕಟಣೆ ಕಂಡಿತು. ಹಾಳಾದ ನದಿಯನ್ನೋ ಸಮುದ್ರದ ದಂಡೆಯನ್ನೋ ಅಲ್ಲಿನ ಜನರೇ ಮುಂದೆ ನಿಂತು ಸರಿಪಡಿಸುವುದಾದರೆ ಬೆಂಗಳೂರಿನ ಒಂದು ಟ್ರಸ್ಟು ಸಹಾಯಧನ ಕೊಡುತ್ತದೆ ಎಂದಿತ್ತು. ಅವರು ಕಾಗದ ಬರೆದು ಫಾರಂ ತರಿಸಿದರು. ಹದಿನಾಲ್ಕು ಪುಟ.

ಸಂಕ್ರಾಂತಿ ಕಳೆದ ವಾರ ಅವರು ಹರಿಹರಕ್ಕೆ ಬಂದರು. ಹೊಳೆದಂಡೆಯಲ್ಲಿ ಎರಡು ಕೇರಿಯ ಇಪ್ಪತ್ತೆರಡು ಹೆಂಗಸರ ಒಂದು ಸಂಘ ಕಟ್ಟಿಸಿ, ಅವರನ್ನು ಕೂರಿಸಿಕೊಂಡು ಫಾರಮ್ಮಿನ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದರು. ಮೂವತ್ತು ವರ್ಷದ ಹಿಂದೆ ಎಷ್ಟು ಬಗೆಯ ಮೀನು ಸಿಗುತ್ತಿತ್ತು, ಈಗ ಎಷ್ಟು ಎಂಬುದೊಂದು ಪ್ರಶ್ನೆ. ಮುದುಕಿಯರು ಬೆರಳು ಮಡಚುತ್ತ ಹೆಸರು ಹೇಳಿದರು. ಮೂವತ್ತೊಂದಾಯಿತು. ಕೆಲವು ಹೆಸರನ್ನು ಕಿರಿಯರು ಕೇಳಿಯೇ ಇರಲಿಲ್ಲ. ಈಗ ಸಿಗುವುದನ್ನು ಎಣಿಸಿದರೆ ಒಂಬತ್ತಕ್ಕೆ ನಿಂತಿತು.

ಮೀನು ಕಡಿಮೆಯಾಗಲು ಕಾರಣವೇನು ಎಂಬುದು ಮುಂದಿನ ಪ್ರಶ್ನೆ. ಮಳೆ ಕಮ್ಮಿಯಾಗಿದೆ ಎಂದು ಬರೆಯಿರಿ ಎಂದಳು ಒಬ್ಬಳು.

"ನಮ್ಮ ಗಂಡಸರು ಮದ್ದು ಹಾಕಿ ಕೊಂದರು ಅಂತ ಬರೀರಿ," ಎಂದಳು ಸುಗ್ರಾಬಿ. ವಾಮದೇವಪ್ಪನವರು ಸುತ್ತ ನೋಡಿದರು. ಯಾರೂ ಬೇಡ ಎನ್ನಲಿಲ್ಲ. ಹಾಗೇ ಬರೆದರು.

ಬೇಡಿಕೆಯೂ ಸರಳವಾಗಿತ್ತು. ಮಡುವನ್ನು ಮೂರು ವರ್ಷ ಮುಚ್ಚುವುದು, ಬಲೆಯನ್ನೂ ಹಾಕದಿರುವುದು, ಕಾಯಲು ಎರಡು ಹರಿಗೋಲು, ಕಾಯುವ ಹೆಂಗಸರಿಗೆ ಕೂಲಿ, ಬಿಡಲು ಮೀನುಮರಿ, ದಂಡೆ ಕುಸಿದಲ್ಲಿ ನೆಡಲು ಗಿಡ. ಕೊನೆಯ ಪುಟಕ್ಕೆ ಬಂದಾಗ ವಾಮದೇವಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಏಳನೇ ಷರತ್ತು ಕೇಳಮ್ಮ ಸುಗ್ರಾಬಿ, ಇದು ನಿನಗೇ ಬರೆದಂಗೈತೆ. ಸಂಘದ ಪದಾಧಿಕಾರಿಗಳ ಮೇಲೆ ಯಾವ ಕ್ರಿಮಿನಲ್ ಕೇಸೂ ಇರಕೂಡದು. ಮಂಜೂರಾತಿಗೆ ಮುಂಚೆ ಕೇಸು ಬಿದ್ರೆ ಅರ್ಜಿ ಅಲ್ಲಿಗೇ ಬಿದ್ದುಹೋತು ಅಂತ ತಿಳಕೋ."

ಹಾಗಾದರೆ ಬೇರೆ ಯಾರನ್ನಾದರೂ ಅಧ್ಯಕ್ಷೆ ಮಾಡಿ ಎಂದು ಸುಗ್ರಾಬಿ ಹೇಳಿದಳು. ಯಾರೂ ಮುಂದೆ ಬರಲಿಲ್ಲ. ಉಚ್ಚೆಂಗಪ್ಪನ ಎದುರು ಹೆಸರು ಬರೆಸುವ ಧೈರ್ಯ ಉಳಿದವರಲ್ಲಿ ಇರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಮಾಬೂಬೀ, ನಿನ್ನ ಹೆಸರು ಮೇಲಿದ್ದರೆ ಮಾತ್ರ ನಾವು ಕೆಳಗೆ ಹೆಬ್ಬೆಟ್ಟು ಒತ್ತುತ್ತೇವೆ ಎಂದಳು. ಎಷ್ಟು ದಿನ ಎಂದು ಸುಗ್ರಾಬಿ ಕೇಳಿದಳು. ಪರಿಶೀಲನೆಗೆ ಜನ ಬರುವುದು ಮಳೆಗಾಲ ಮುಗಿದ ಮೇಲೆ, ಅಂದರೆ ಎಂಟೊಂಬತ್ತು ತಿಂಗಳು ಎಂದರು ವಾಮದೇವಪ್ಪನವರು.

"ಆತು. ಅಲ್ಲೀತನ ಈ ಕೈ ನನ್ನವಲ್ಲ ಅಂದ್ಕಂತೀನಿ," ಎಂದು ಅವಳು ಒಪ್ಪಿಕೊಂಡಳು.

ಬಯಲಲ್ಲಿ ಓದಿದ ಷರತ್ತು ಉಚ್ಚೆಂಗಪ್ಪನ ಕಿವಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವಳು ಹೊಡೆಯುವಂತಿಲ್ಲ ಎಂಬುದು ಅವನಿಗೆ ಸರಿಯಾಗಿ ಅರ್ಥವಾಯಿತು. ಅವಳನ್ನು ಹೊಡೆಯುವ ಹಾಗೆ ಮಾಡಿಬಿಟ್ಟರೆ ಅರ್ಜಿ ತಾನಾಗಿಯೇ ಸಾಯುತ್ತದೆ ಎಂಬುದೂ ಅರ್ಥವಾಯಿತು.

ಮೊದಲು ಅವಳ ಬಲೆಗಳು ಹೋದವು. ದಂಡೆಯ ಮೇಲೆ ಒಣಗಲು ಹಾಕಿದ್ದ ಮೂರು ಬಲೆಗೆ ಹಾಡುಹಗಲೇ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಮಕ್ತುಮ್ ಸಾಬ್ ಮೂರು ತಿಂಗಳು ಕೂತು ನೇಯ್ದ ಬಲೆಗಳು. ಉಚ್ಚೆಂಗಪ್ಪ ಪಕ್ಕದಲ್ಲೇ ನಿಂತು ಬೀಡಿ ಸೇದುತ್ತಿದ್ದ. ಸುಗ್ರಾಬಿ ಓಡಿಬಂದವಳು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಹಾಗೇ ತಿರುಗಿ ಹೋದಳು. ಹಿಂದಿನಿಂದ ಗಂಡಸರು ನಕ್ಕದ್ದು ಕೇಳಿಸಿತು.

ಚೈತ್ರದಲ್ಲಿ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವನು ಅವಳ ಬುಟ್ಟಿಯನ್ನು ಒದ್ದು ಮೀನನ್ನೆಲ್ಲ ಚರಂಡಿಗೆ ಕೆಡವಿದ. ಅವಳು ಬಗ್ಗಿ ಆರಿಸತೊಡಗಿದಾಗ ಬೆರಳಿನ ಮೇಲೆ ಚಪ್ಪಲಿ ಇಟ್ಟು ತುಳಿದ. ಎರಡು ಬೆರಳ ಉಗುರು ಕಪ್ಪಾಗಿ ಬಿದ್ದುಹೋದವು. ಇನ್ನೊಂದು ದಿನ ಹೊಳೆಯ ಸೇತುವೆಯ ಮೇಲೆ, ಸಂತೆಗೆ ಹೋಗುವ ಜನರ ನಡುವೆ, ಅವಳ ಕೆನ್ನೆಗೆ ಹೊಡೆದ. ಅವಳು ಬಿದ್ದಳು. ಎದ್ದು ನಿಂತಳು. ಅವನು ಮತ್ತೆ ಹೊಡೆದ. ನೋಡುತ್ತಿದ್ದವರು, ಸುಗ್ರಾಬಿ ಯಾಕೆ ಸುಮ್ಮನಿದ್ದಾಳೆ ಎಂದು ಒಬ್ಬರನ್ನೊಬ್ಬರು ಕೇಳಿದರು. ಬಾಯಿಯಲ್ಲಿ ತುಂಬಿದ ರಕ್ತವನ್ನು ಅವಳು ಸೇತುವೆಯ ಆಚೆ ಉಗುಳಿ ಮನೆಗೆ ಬಂದಳು. ಮನೆಯ ಹಿಂದೆ ರಾಶಿ ಹಾಕಿದ್ದ ಜಾಲಿಯ ತುಂಡುಗಳನ್ನು ಕೊಡಲಿ ಹಿಡಿದು ಸಂಜೆಯವರೆಗೆ ಸೀಳಿದಳು. ಆ ಸೌದೆ ಎರಡು ತಿಂಗಳು ಉರಿಯಿತು.

ಸಂಘದ ಹೆಂಗಸರಲ್ಲೂ ಗೊಣಗಾಟ ಎದ್ದಿತು. ನಮ್ಮನ್ನು ಕಾಯುತ್ತಾಳೆ ಎಂದು ಇವಳ ಕೆಳಗೆ ಹೆಬ್ಬೆಟ್ಟು ಒತ್ತಿದೆವು, ಇವಳೇ ಒದೆ ತಿನ್ನುತ್ತಿದ್ದಾಳೆ ಎಂದು ಇಬ್ಬರು ಬಿಟ್ಟುಹೋದರು. ಸುಗ್ರಾಬಿ ಅವರ ಮನೆಗೂ ಹೋಗಿ ಬೇಡಿಕೊಂಡಳು. ಬೇಡಿಕೊಳ್ಳುವುದು ಅವಳಿಗೆ ಏಟು ತಿನ್ನುವುದಕ್ಕಿಂತ ಕಷ್ಟವಾಯಿತು.

ಮಳೆ ಹಿಡಿಯುವ ಮುಂಚೆ ಉಚ್ಚೆಂಗಪ್ಪನ ಕಡೆಯವರು ಮಕ್ತುಮ್ ಸಾಬನ ಮೇಲೆ ಬಿದ್ದರು. ಅವನು ಹೊಳೆಯ ಕಡೆ ಮುಖ ಮಾಡಿ ಕೂತು ಬಲೆ ನೇಯುತ್ತಿದ್ದ. ಹಿಂದಿನಿಂದ ಬಂದವರ ಸಪ್ಪಳ ಅವನಿಗೆ ಕೇಳುವಂತಿರಲಿಲ್ಲ. ಉಚ್ಚೆಂಗಪ್ಪ ಮತ್ತು ಇನ್ನಿಬ್ಬರು ದೊಣ್ಣೆಯಿಂದ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಮುರಿದರು. ಸುಗ್ರಾಬಿ ಬಂದಾಗ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ದಾವಣಗೆರೆಯ ಆಸ್ಪತ್ರೆಗೆ ಎತ್ತಿನಗಾಡಿಯಲ್ಲಿ ಸ್ಟೇಷನ್ನಿನವರೆಗೆ, ಅಲ್ಲಿಂದ ರೈಲಿನಲ್ಲಿ ಅವನನ್ನು ಸಾಗಿಸಿದಳು. ದಾರಿಯುದ್ದಕ್ಕೂ ಅವನ ತಲೆ ಅವಳ ತೊಡೆಯ ಮೇಲಿತ್ತು.

ವಾಮದೇವಪ್ಪನವರು ಆಸ್ಪತ್ರೆಗೆ ಬಂದರು. ದೂರು ಕೊಡೋಣ ಎಂದು ಅವಳು ಹೇಳಿದಳು. ಅವರು, ದೂರು ಕೊಟ್ಟರೆ ಅವನೂ ನಿನ್ನ ಹೆಸರು ಹಾಕಿ ಎದುರು ದೂರು ಕೊಡುತ್ತಾನೆ, ಸುಳ್ಳೆಂದು ಸಾಬೀತಾಗಲು ವರ್ಷ ಹಿಡಿಯುತ್ತದೆ ಎಂದರು. ಕೊಡಬೇಡ ಎಂದು ತಾವು ಹೇಳುವುದಿಲ್ಲ ಎಂದೂ ಸೇರಿಸಿದರು. ಸುಗ್ರಾಬಿ ಗಂಡನ ಮುಖ ನೋಡಿದಳು. ಮಾತು ಕೇಳದಿದ್ದರೂ ಅವನಿಗೆ ಎಲ್ಲ ತಿಳಿದಿತ್ತು. ಅವನು ತಲೆ ಅಲ್ಲಾಡಿಸಿ, ಬೇಡ ಎಂದ. ಕಾಲು ಕೂಡಿಕೊಂಡಿತು, ಆದರೆ ಮೂರು ಬೆರಳು ಗಿಡ್ಡವಾಯಿತು.

ಆಷಾಢದ ಒಂದು ಮಧ್ಯಾಹ್ನ ಸುಗ್ರಾಬಿಯ ಬಾಗಿಲಿಗೆ ಬಂದವಳು ತಿಮ್ಮವ್ವ. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಮೇಲಿನ ತುಟಿ ಸೀಳಿತ್ತು. ಒಳಗೆ ಬಾ ಎಂದರೆ ಬರಲಿಲ್ಲ, ಹೊಸ್ತಿಲಲ್ಲೇ ಕೂತಳು. ಹೆಬ್ಬೆಟ್ಟು ಒತ್ತಬೇಕು, ಎಲ್ಲಿ ಕಾಗದ ಎಂದು ಕೇಳಿದಳು. ಗಂಡ ಏನು ಮಾಡಿಯಾನು ಎಂದು ಸುಗ್ರಾಬಿ ಕೇಳಿದ್ದಕ್ಕೆ ಮುಖವನ್ನು ಬೆಳಕಿಗೆ ತಿರುಗಿಸಿ ತೋರಿಸಿದಳು.

"ನಾ ಕೈ ಕಟ್ಟಿಕೊಂಡಿದ್ದು ನೋಡಿ ಬಂದ್ಯೇನು?" ಎಂದಳು ಸುಗ್ರಾಬಿ.

"ನೀ ಕಟ್ಟಿಕೊಂಡು ಆರು ತಿಂಗಳಾತು ಅಕ್ಕ. ನಾ ಕಟ್ಟಿಕೊಂಡು ಹದಿನೆಂಟು ವರ್ಷ ಆತು. ನನ್ನ ಯಾರೂ ದೊಡ್ಡಾಕಿ ಅನ್ಲಿಲ್ಲ." ತಿಮ್ಮವ್ವ ಇದನ್ನು ಕೋಪವಿಲ್ಲದೆ ಹೇಳಿದಳು. "ಅವತ್ತು ನೀ ಅವನ ಕೆನ್ನೆ ಕೊಯ್ದು ಹೋದ್ಯಲ್ಲ, ಆ ಸಿಟ್ಟು ಯಾರ ಮ್ಯಾಲೆ ತೀರಿಸಿದ ಅಂತ ಒಂದಿನಾನೂ ಕೇಳಲಿಲ್ಲ ನೀನು."

ಕತ್ತಿ ಎಳೆದು ಬಂದ ಮೇಲೆ ಆ ಮನೆಯೊಳಗೆ ಏನು ನಡೆದಿರಬಹುದು ಎಂದು ಸುಗ್ರಾಬಿ ಮೂರು ವರ್ಷದಲ್ಲಿ ನಿಜವಾಗಿಯೂ ಯೋಚಿಸಿರಲಿಲ್ಲ. ಮಸಿಡಬ್ಬಿ ತಂದಳು. ತಿಮ್ಮವ್ವ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಮಸಿ ಒರೆಸಿಕೊಂಡು, ಹೊಳೆಯ ದಾರಿ ಬಿಟ್ಟು ಹಿತ್ತಲ ದಾರಿಯಿಂದ ಹೋದಳು. ಅವತ್ತಿನಿಂದ ಅವಳು ಗಂಡನ ಮನೆ ಬಿಟ್ಟು ತವರಿನ ದ್ಯಾಮವ್ವ ಎಂಬ ಅತ್ತೆಯ ಗುಡಿಸಲಲ್ಲಿ ಉಳಿದಳು.

ಪರಿಶೀಲನೆಗೆ ಟ್ರಸ್ಟಿನವರು ಬಂದದ್ದು ಅಕ್ಟೋಬರ್ ಮೊದಲ ವಾರ. ಒಬ್ಬರೇ ಬಂದಿದ್ದರು, ಐವತ್ತು ದಾಟಿದವರು, ಕೊರಳಲ್ಲಿ ಕ್ಯಾಮೆರಾ. ಹೆಂಗಸರು ತಾವೇ ದುಡ್ಡು ಹಾಕಿ ಮೂರು ಕೊಡ ಮೀನುಮರಿ ತಂದು, ಮಡುವಿನ ಅಂಚಿನಲ್ಲಿ ಬಲೆಯ ಬೇಲಿ ಕಟ್ಟಿ ಬಿಟ್ಟಿದ್ದರು. ಅದನ್ನು ಹತ್ತಿರದಿಂದ ನೋಡಬೇಕೆಂದು ಸಾಹೇಬರು ಹರಿಗೋಲು ಹತ್ತಿದರು. ತಿಮ್ಮವ್ವ ಹುಟ್ಟು ಹಾಕುತ್ತಿದ್ದಳು, ಜೊತೆಗೆ ಇಬ್ಬರು ಹೆಂಗಸರು. ಸುಗ್ರಾಬಿ ಇನ್ನೊಂದು ಹರಿಗೋಲು ತರಲೆಂದು ಹುಟ್ಟು ಹೆಗಲಿಗೇರಿಸಿಕೊಂಡು ದಂಡೆಯ ಬಂಡೆಗಳ ಮೇಲೆ ನಡೆಯುತ್ತಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು.

ಅವಳಿಂದ ಎರಡು ಹೆಜ್ಜೆ ಆಚೆ, ಮೇಲಿನ ಬಂಡೆಯ ಹಿಂದಿನಿಂದ ಉಚ್ಚೆಂಗಪ್ಪ ಎದ್ದು ನಿಂತ. ಕುಡಿದಿದ್ದ. ಎಡಗೈಯಲ್ಲಿ ಬೀಡಿ, ಬಲಗೈಯಲ್ಲಿ ಮದ್ದು. ಬತ್ತಿ ಆಗಲೇ ಹೊತ್ತಿಕೊಂಡು ಬುಸುಗುಡುತ್ತಿತ್ತು. ಹರಿಗೋಲಿನಲ್ಲಿ ಯಾರಿದ್ದಾರೆ ಎಂದು ಅವನು ಕಂಡಿದ್ದನೋ ಇಲ್ಲವೋ ಯಾರಿಗೂ ಕೊನೆಗೂ ತಿಳಿಯಲಿಲ್ಲ. ಸುಗ್ರಾಬಿಯನ್ನು ಮಾತ್ರ ಕಂಡ. ಅವಳ ಕಡೆ ನೋಡುತ್ತಲೇ ಕೈಯನ್ನು ಹಿಂದಕ್ಕೆ ಬೀಸಿದ.

ಅವಳು ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮಣಿಕಟ್ಟಿಗೆ ಹೊಡೆದಳು. ಮೂಳೆ ಮುರಿದ ಸದ್ದು ಹರಿಗೋಲಿನವರೆಗೆ ಕೇಳಿಸಿತು. ಮದ್ದು ಕೈಜಾರಿ ಬಂಡೆಯ ಮೇಲೆ ಉರುಳಿ, ಸಂದಿಯೊಳಗೆ ಬಿದ್ದು ಸಿಡಿಯಿತು. ಕಲ್ಲಿನ ಚೂರು ಹಾರಿ ಅವಳ ಹಣೆ ಸೀಳಿತು. ಅವನ ಎರಡು ಕಾಲಿಗೂ ಚೂರು ನಾಟಿ ಅವನು ಕುಸಿದ. ಮಡುವಿನ ನೀರು ಒಮ್ಮೆ ನಡುಗಿ, ಹರಿಗೋಲು ಎರಡು ಸುತ್ತು ತಿರುಗಿ ನಿಂತಿತು. ಅದರಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ.

ಅಲ್ಲಿಗೆ ಎಲ್ಲ ಮುಗಿದಿತ್ತು. ಉಳಿಸಬೇಕಾದವರು ಉಳಿದಿದ್ದರು. ಅವನು ಬಂಡೆಯ ಮೇಲೆ ಅಂಗಾತ ಬಿದ್ದು, ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಅವಳನ್ನೇ ನೋಡುತ್ತಿದ್ದ. ಎಳೆದುಕೊಂಡ ಕೆನ್ನೆಯಿಂದಾಗಿ ನಗುತ್ತಿರುವಂತೆ ಕಂಡ. ಹಣೆಯ ರಕ್ತ ಕಣ್ಣಿಗಿಳಿದು ಸುಗ್ರಾಬಿಗೆ ಅವನೊಬ್ಬನ ಹೊರತು ಬೇರೇನೂ ಕಾಣಿಸಲಿಲ್ಲ. ಹುಟ್ಟನ್ನು ಮತ್ತೆ ಎತ್ತಿದಳು. ಸುಟ್ಟ ಬಲೆ, ತುಳಿದ ಬೆರಳು, ಸೇತುವೆ, ರೈಲಿನಲ್ಲಿ ತೊಡೆಯ ಮೇಲೆ ನರಳುತ್ತಿದ್ದ ತಲೆ. ಉಚ್ಚೆಂಗಪ್ಪನ ತಲೆಗೆ ಹೊಡೆದಳು, ಹೆಗಲಿಗೆ ಹೊಡೆದಳು, ಮತ್ತೆ ತಲೆಗೆ ಹೊಡೆದಳು. ಹುಟ್ಟಿನ ಅಲಗು ಮುರಿದು ನೀರಿಗೆ ಹಾರಿತು. ಹಿಡಿಯಿಂದಲೇ ಹೊಡೆದಳು. ಹರಿಗೋಲಿನಿಂದ ತಿಮ್ಮವ್ವ, ಸಾಕು ಅಕ್ಕ, ಸಾಕು ಎಂದು ಕೂಗುತ್ತಿದ್ದುದು ಅವಳಿಗೆ ಕೇಳಿಸಿತು. ಕೇಳಿಸಿದ ಮೇಲೂ ಎರಡು ಏಟು ಹಾಕಿದಳು.

ಉಚ್ಚೆಂಗಪ್ಪ ಎಚ್ಚರವಿಲ್ಲದೆ ಮೂರು ದಿನ ಇದ್ದು ನಾಲ್ಕನೆಯ ದಿನ ದಾವಣಗೆರೆಯಲ್ಲಿ ತೀರಿಕೊಂಡ. ಸುಗ್ರಾಬಿ ಪೊಲೀಸರು ಬರುವವರೆಗೆ ಆ ಬಂಡೆಯ ಮೇಲೆಯೇ ಕೂತಿದ್ದಳು.

ಜೈಲಿಗೆ ಅವಳನ್ನು ನೋಡಲು ಬಂದ ವಾಮದೇವಪ್ಪನವರು ಜೇಬಿನಿಂದ ಒಂದು ಕಾಗದ ತೆಗೆದರು. ಅಧ್ಯಕ್ಷ ಸ್ಥಾನಕ್ಕೆ ಅವಳ ರಾಜೀನಾಮೆ. ಪರಿಶೀಲನೆಯ ಹಿಂದಿನ ದಿನದ ತಾರೀಕು ಹಾಕಿತ್ತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದು ತಾರೀಕನ್ನೂ ತಿದ್ದದವರು ಅದನ್ನು ಹೊರಗೆ ತೆಗೆಯುವಾಗ ಬೆವರುತ್ತಿದ್ದರು. ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಘಟನೆಯ ದಿನ ನೀನು ಪದಾಧಿಕಾರಿ ಆಗಿರಲಿಲ್ಲವೆಂದು ವಾದಿಸಬಹುದು, ಅರ್ಜಿ ಉಳಿಯಬಹುದು ಎಂದರು.

"ಆ ಸಾಹೇಬ್ರು ಹರಿಗೋಲಿನಾಗೇ ಕೂತಿದ್ರಲ್ರಿ," ಎಂದಳು ಸುಗ್ರಾಬಿ. "ಅವರ ಕಣ್ಣಿಗೆ ಯಾವ ತಾರೀಕು ಹಾಕ್ತೀರಿ?"

ಅವರು ಕಾಗದವನ್ನು ಮಡಚಿ, ನಾಲ್ಕು ಚೂರು ಮಾಡಿ ಜೇಬಿಗಿಟ್ಟುಕೊಂಡರು. ಮುಖದಲ್ಲಿ ನಾಚಿಕೆಯೂ ಇತ್ತು, ನಿರಾಳವೂ ಇತ್ತು. ನವೆಂಬರಿನಲ್ಲಿ ಟ್ರಸ್ಟಿನ ಉತ್ತರ ಬಂತು. ಏಳನೇ ಷರತ್ತಿನ ಪ್ರಕಾರ ಅರ್ಜಿಯನ್ನು ಪರಿಗಣಿಸಲಾಗದು ಎಂದಿತ್ತು. ಕೆಳಗೆ ಆ ಸಾಹೇಬರು ತಮ್ಮ ಕೈಯಲ್ಲಿ, ನಾನು ಬದುಕಿರುವುದು ಯಾರಿಂದ ಎಂಬುದು ನನಗೆ ಗೊತ್ತಿದೆ, ಆದರೂ ನನ್ನ ವರದಿಯಲ್ಲಿ ಕಂಡದ್ದನ್ನೆಲ್ಲ ಬರೆಯಬೇಕಾಯಿತು ಎಂದು ಎರಡು ಸಾಲು ಬರೆದಿದ್ದರು.

ಚಿತ್ರದುರ್ಗದ ಕೋರ್ಟಿನಲ್ಲಿ ಮುಖ್ಯ ಸಾಕ್ಷಿ ತಿಮ್ಮವ್ವ. ಸತ್ತವನ ಹೆಂಡತಿ ಏನು ಹೇಳುತ್ತಾಳೋ ಎಂದು ಎರಡು ಕಡೆಯ ವಕೀಲರೂ ಹೆದರಿದ್ದರು. ಅವಳು ಕಂಡಷ್ಟನ್ನೇ ಹೇಳಿದಳು. ಎಷ್ಟು ಏಟು ಎಂದು ನ್ಯಾಯಾಧೀಶರು ಕೇಳಿದರು.

"ಏಳು, ಸ್ವಾಮಿ. ಮೊದಲನೇದು ನಮ್ಮನ್ನ ಉಳಿಸ್ತು. ಮಿಕ್ಕ ಆರು ಅವನನ್ನ ಕೊಂದವು."

ಅದಕ್ಕೆ ಸುಗ್ರಾಬಿಯ ವಕೀಲರು ಏನೋ ಹೇಳಲು ಎದ್ದರು. ಸುಗ್ರಾಬಿ ಕಟಕಟೆಯಿಂದಲೇ, ಅವಳು ಹೇಳಿದ್ದು ಸರಿ ಐತೆ ಎಂದುಬಿಟ್ಟಳು. ಕೊಲ್ಲುವ ಉದ್ದೇಶದಿಂದ ಹೋದವಳಲ್ಲ ಎಂದು ಕೋರ್ಟು ಒಪ್ಪಿಕೊಂಡಿತು. ನಾಲ್ಕು ವರ್ಷ ಶಿಕ್ಷೆಯಾಗಿ ಬಳ್ಳಾರಿ ಜೈಲಿಗೆ ಕಳಿಸಿದರು.

ಗಂಡನ ವರ್ಷದ ಎಡೆ ಮುಗಿದ ವಾರ ತಿಮ್ಮವ್ವ ಒಬ್ಬಳೇ ಬಸ್ಸು ಹತ್ತಿ ವಿನೋಬನಗರಕ್ಕೆ ಬಂದಳು. ಇನ್ನೊಂದು ಫಾರಂ ತರಿಸಿ ಎಂದಳು. ಈ ಸಲ ಅಧ್ಯಕ್ಷೆ ತಾನು. ಬಿಟ್ಟುಹೋಗಿದ್ದ ಇಬ್ಬರೂ ಮರಳಿ ಬಂದಿದ್ದರು. ಉಚ್ಚೆಂಗಪ್ಪನ ಹಿಂದೆ ಓಡಾಡುತ್ತಿದ್ದ ಗಂಡಸರಲ್ಲಿ ಮೂವರ ಹೆಂಡಂದಿರೂ ಸೇರಿದ್ದರು. ನಿಮ್ಮ ಸಮುದಾಯದಲ್ಲಿ ನದಿಯ ವಿಷಯಕ್ಕೆ ಜಗಳಗಳೇನಾದರೂ ನಡೆದಿವೆಯೇ ಎಂಬ ಪ್ರಶ್ನೆ ಬಂದಾಗ ವಾಮದೇವಪ್ಪನವರು ಸಣ್ಣಪುಟ್ಟ ಮನಸ್ತಾಪ ಎಂದು ಬರೆಯಲು ಹೊರಟರು. ತಿಮ್ಮವ್ವ ಅವರ ಪೆನ್ನಿನ ಮೇಲೆ ಕೈ ಅಡ್ಡ ಇಟ್ಟಳು.

"ಹಂಗ ಬ್ಯಾಡ್ರಿ. ನನ್ನ ಗಂಡ ಮದ್ದು ಹಾಕ್ತಿದ್ದ, ಹಿಂದಿನ ಅಧ್ಯಕ್ಷೆ ಅವನನ್ನ ಹೊಡೆದು ಕೊಂದ್ಲು, ನಾನು ಅವನ ಹೆಂಡ್ತಿ, ಈಗ ಅರ್ಜಿ ಹಾಕಿರಾಕಿ ನಾನೇ ಅಂತ ಬರೀರಿ."

ಅವರು ಹಾಗೇ ಬರೆದರು. ಬರೆಯುವಾಗ ಎರಡು ಸಲ ನಿಲ್ಲಿಸಿ ನೀರು ಕುಡಿದರು. ಎಂಬತ್ತಾರರ ಬೇಸಿಗೆಗೆ ಮುಂಚೆ ಮಂಜೂರಾತಿ ಬಂತು.

ಮಡು ಸುಲಭಕ್ಕೆ ಕೈಗೆ ಬರಲಿಲ್ಲ. ಮೊದಲ ವರ್ಷವೇ ಕೆಳಗಿನ ಊರಿನವರು ಬಂದು ಮದ್ದು ಹಾಕಿದರು. ಕಾಯುತ್ತಿದ್ದ ಹೆಂಗಸೊಬ್ಬಳ ತಲೆಗೆ ಕಲ್ಲು ಬಿತ್ತು. ತಿಮ್ಮವ್ವ ಕೈ ಮಾಡಲಿಲ್ಲ, ಯಾರಿಗೂ ಮಾಡಗೊಡಲಿಲ್ಲ. ಹತ್ತು ಹರಿಗೋಲು ಒಟ್ಟುಗೂಡಿಸಿ ಮಡುವಿನ ಬಾಯಿಗೆ ಅಡ್ಡ ಕಟ್ಟಿ, ಹದಿನೈದು ದಿನ ಹೆಂಗಸರನ್ನು ಅದರಲ್ಲೇ ಕೂರಿಸಿದಳು. ಮನುಷ್ಯರಿರುವ ನೀರಿಗೆ ಮದ್ದು ಎಸೆಯಲು ಯಾರಿಗೂ ಕೈ ಬರಲಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಬಾಳೆಮೀನು ಮರಳಿ ಕಾಣಿಸಿಕೊಂಡಿತು. ಫಾರಮ್ಮಿನಲ್ಲಿ ಬರೆಸಿದ್ದ ಒಂಬತ್ತು ಬಗೆಯ ಮೀನು ಹದಿಮೂರಾಯಿತು.

ಸುಗ್ರಾಬಿ ಎಂಬತ್ತೆಂಟರ ಕೊನೆಗೆ ಬಿಡುಗಡೆಯಾಗಿ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಕ್ತುಮ್ ಸಾಬ್ ಕುಂಟುತ್ತ ಸ್ಟೇಷನ್ನಿಗೆ ಹೋಗಿ ಕರೆತಂದ. ಎರಡು ದಿನ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಹೊಳೆಗೆ ಹೋದಳು. ತಿಮ್ಮವ್ವ ದಂಡೆಯಲ್ಲಿ ಹರಿಗೋಲಿಗೆ ಟಾರು ಬಳಿಯುತ್ತಿದ್ದವಳು ತಲೆ ಎತ್ತಿ ನೋಡಿದಳು. ಕೂಡ್ರು ಎಂದಳು. ಜೈಲಿನಲ್ಲಿ ಅನ್ನ ಹೇಗಿತ್ತು ಎಂದು ತಿಮ್ಮವ್ವ ಕೇಳಿದಳು. ಕಲ್ಲು ಜಾಸ್ತಿ ಎಂದಳು ಸುಗ್ರಾಬಿ.

ಸಂಘದಲ್ಲಿ ಏನು ಕೆಲಸ ಕೊಟ್ಟರೂ ಮಾಡುತ್ತೇನೆ ಎಂದು ಸುಗ್ರಾಬಿ ಹೇಳಿದಾಗ ತಿಮ್ಮವ್ವ ಕುಂಚವನ್ನು ಮತ್ತೆ ಟಾರಿಗೆ ಅದ್ದಿದಳು.

"ಸಂಘಕ್ಕೆ ನೀ ಬರಬ್ಯಾಡ ಅಕ್ಕ. ಮಡುವಿನ ಕಡೀಗೂ ಬರಬ್ಯಾಡ. ನಿನ್ನ ಆ ಬಂಡೆ ಮ್ಯಾಲೆ ಕಂಡ್ರೆ ನನಗೆ ತಡಕೊಳ್ಳಾಕ ಆಗಾಂಗಿಲ್ಲ," ಎಂದಳು. ಬಳಿಯುವ ಕುಂಚವನ್ನು ಡಬ್ಬಿಯಲ್ಲಿಟ್ಟು ಮುಂದುವರಿಸಿದಳು. "ಕೆಳಗಿನ ಹೊಳೇಲಿ ಹಿಡಿದ ಮೀನು ಐತೆ. ದಾವಣಗೆರೆಯಾಗೆ ಮಾರಾಕ ನಿನ್ನಂಥವರು ಯಾರೂ ಸಿಕ್ಕಿಲ್ಲ. ನಾಳೆಯಿಂದ ಬುಟ್ಟಿ ತುಂಬಿಸಿ ಇಡ್ತೀನಿ, ಒಯ್ದು ಮಾರು."

ಸುಗ್ರಾಬಿ ಆಗಲಿ ಎಂದಳು. ಏಳುವ ಮುಂಚೆ, ಅವನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದಳು. ತಿಮ್ಮವ್ವ, ಕೇರಿಯ ಆಚೆ, ಇಟ್ಟಿಗೆ ಗೂಡಿನ ಹಿಂದೆ ಎಂದು ಹೇಳಿದಳು.

ಮರುದಿನ ಬೆಳಗಾದ ಮೇಲೆ ಸುಗ್ರಾಬಿ ಅಲ್ಲಿಗೆ ಹೋದಳು. ನೆಲ ಸಮವಾಗಿ ಹುಲ್ಲು ಬೆಳೆದಿತ್ತು, ಕಲ್ಲೂ ಇರಲಿಲ್ಲ. ಗೂಡಿನ ಕೆಲಸದವನನ್ನು ಕೇಳಿ ಜಾಗ ತಿಳಿದುಕೊಂಡಳು. ಉಚ್ಚೆಂಗಪ್ಪನ ಜನರ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ತನ್ನವರಲ್ಲಿ ಸತ್ತವರಿಗೆ ಓದುವ ಫಾತಿಹಾವನ್ನೇ ಮೆಲ್ಲಗೆ ಓದಿದಳು. ನಡುವೆ ಒಂದು ಕಡೆ ತಪ್ಪಿತು. ಮೊದಲಿನಿಂದ ಶುರು ಮಾಡಿ ಪೂರ್ತಿ ಓದಿದಳು. ಆಮೇಲೆ ತಿಮ್ಮವ್ವ ಇಟ್ಟಿದ್ದ ಬುಟ್ಟಿಯನ್ನು ಹೊತ್ತು ಏಳೂವರೆಯ ಬಸ್ಸಿಗೆ ಹೋದಳು.